ಹಳದಿ ವಾಯರು

ಫೋನು ಮಾಡಿದ್ದು ಆಕೆಯಲ್ಲ, ಪಕ್ಕದ ಮನೆಯ ಹುಡುಗ:
"ಶೇವಂತಿ ಬಾಯಿಯ ಡಬ್ಬಿ ಕೆಟ್ಟಿದೆಯಂತೆ, ಬೇಗ ಬನ್ನಿ."
ಬೈತಖೋಲದ ಏರಿನಲ್ಲಿ ಸ್ಕೂಟರು ನಿಲ್ಲಿಸಿ
ಬಲೆ ಒಣಹಾಕಿದ ಮೆಟ್ಟಿಲು ದಾಟಿ ಹೋದೆ.

ಡಬ್ಬಿ ಕೆಟ್ಟಿರಲಿಲ್ಲ.
ಪೆನ್‌ಡ್ರೈವಿನಲ್ಲಿ ಭಾನುವಾರದ ಸಿನಿಮಾ ಪೂರ್ತಿ ಇತ್ತು;
ನಾಯಕಿ ಅಳುತ್ತಿದ್ದಳು, ಹಿಂದೆ ಪಿಟೀಲು.
ವಾಲ್ಯೂಮು ಏರಿಸಿ, ಗೆದ್ದವನ ಹಾಗೆ ತಿರುಗಿ ಅಂದೆ:
"ನೋಡಿ ಬಾಯಿ, ಎಷ್ಟು ಸ್ವಚ್ಛ ಕೇಳಿಸುತ್ತದೆ!"

ಹುಡುಗ ನೆಲ ನೋಡಿದ.
ಆಕೆ ನನ್ನ ತುಟಿ ನೋಡಿದಳು.
ಆಮೇಲೆ ಎದ್ದು, ಉಪ್ಪಿಗೆ ಬಿರಿದ ಬೆರಳಿಂದ
ಟೀವಿ ಗಾಜಿನ ಕೆಳಗಿನ ಅಂಚನ್ನು ಒರೆಸಿ ತೋರಿಸಿದಳು:
ಇಲ್ಲಿ. ಇಲ್ಲಿರುತ್ತವಲ್ಲ. ಎಲ್ಲಿ ಹೋದವು?

ಅಕ್ಷರಗಳು.

ವಾರಕ್ಕೊಂದೇ ಸಿನಿಮಾ ಅಕ್ಷರ ಹೊತ್ತು ಬರುವುದು,
ಅದೂ ಬೋಟು ದಕ್ಕೆಗೆ ತಾಗುವ ಹೊತ್ತಿಗೇ.
ಮನೆಯಲ್ಲಿ ಕೂತರೆ ಬಾಂಗಡೆ ಬೇರೆಯವರ ಪಾಲು,
ಬುಟ್ಟಿ ಹೊತ್ತು ಹೋದರೆ ಕಥೆ ಗಾಳಿಯ ಪಾಲು.
ಮೂರನೇ ಇಯತ್ತೆಗೆ ಬಿಟ್ಟ ಓದನ್ನು
ಆಕೆ ಮುಂದುವರಿಸಿದ್ದು ಈ ಗಾಜಿನ ಮೇಲೆ.
ಅದಕ್ಕೇ ಚೀಟಿ ಎತ್ತಿ ತಂದ ಡಬ್ಬಿ.
ಅದೋ, ಚಿತ್ರ ಹಿಡಿಯಿತು, ಪಿಟೀಲು ಹಿಡಿಯಿತು,
ಬಾಗಿಲು ಕಿರ್ರೆಂದದ್ದನ್ನೂ ಬಿಡದೆ ಹಿಡಿಯಿತು;
ಆಕೆಗೆ ಬೇಕಾದದ್ದೊಂದನ್ನು ಮಾತ್ರ
ಬಲೆಗಣ್ಣಿಂದ ಮರಿಮೀನು ಜಾರಿದಂತೆ ಬಿಟ್ಟುಬಿಟ್ಟಿತ್ತು.

ಹದಿನಾರು ವರ್ಷದ ಕಸುಬಿನಲ್ಲಿ
ಇಂಥ ರಿಪೇರಿ ನನ್ನ ಕೈಗೆ ಬಂದಿರಲಿಲ್ಲ.

ಅಂಗಡಿಯ ಅಟ್ಟದಲ್ಲಿ ಧೂಳು ತಿನ್ನುತ್ತಿದ್ದ
ಹಳೆಯ ರೆಕಾರ್ಡರು ಹೊತ್ತು ತಂದೆ, ಮುಂದಿನ ಭಾನುವಾರ.
ಡಬ್ಬಿಯ ಬೆನ್ನಿಂದ ಹೊರಬೀಳುವಾಗ
ಅಕ್ಷರ ಚಿತ್ರದ ಮೈಗೆ ಹಚ್ಚೆಯಂತೆ ಅಂಟಿರುತ್ತದೆ;
ಹಿಡಿದರೆ ಅಲ್ಲಿ ಹಿಡಿಯಬೇಕು.
ವಾಯರು ಮೂರು: ಹಳದಿ ಚಿತ್ರಕ್ಕೆ, ಕೆಂಪು ಬಿಳಿ ಸದ್ದಿಗೆ.
ಮೂರನ್ನೂ ಚುಚ್ಚಿದೆ, ಅಭ್ಯಾಸ.
ಆಕೆ ಬಗ್ಗಿ ಒಂದೊಂದರ ಕೆಲಸ ಕೈಯಲ್ಲೇ ಕೇಳಿದಳು.
ಕಣ್ಣು ಮುಟ್ಟಿ ತೋರಿಸಿದೆ. ಕಿವಿ ಮುಟ್ಟಿ ತೋರಿಸಿದೆ.
ಕೆಂಪು ಬಿಳಿ ಎರಡನ್ನೂ ಕಿತ್ತು, ಸುತ್ತಿ,
ರಬ್ಬರು ಹಾಕಿ ನನ್ನ ಜೇಬಿಗೆ ತುರುಕಿದಳು:
ಬೇರೆ ಯಾರಿಗಾದರೂ ಆದೀತು.

ಸಂಜೆ ಬುಟ್ಟಿ ಬರಿದು ಮಾಡಿ ಬಂದ ಮೇಲೆ ಹಚ್ಚಿದೆವು.
ಮನೆಯಲ್ಲಿ ಸದ್ದಿಲ್ಲ. ಕೆಳಗೆ ಬಿಳಿ ಸಾಲು.
"ಯಾಕೆ ಬಂದೆ?"
"ನಿಮ್ಮ ಕಾಗದ ಬಂತು."
"ಗುಡುಗು."
"ಸಮುದ್ರದ ಮೊರೆತ."
ಆಕೆ ಕಿಟಕಿಯತ್ತ ಕೈ ಮಾಡಿ ನಕ್ಕಳು;
ಹೊರಗೆ ದೇವಗಡದ ದೀಪದ ತನಕ
ಅದೇ ಬಿದ್ದುಕೊಂಡಿತ್ತು, ಅಕ್ಷರವಿಲ್ಲದೆ.

ಆಮೇಲೊಂದು ಪೇಟೆಯ ಬೀದಿ.
ಯಾವಳೋ ಹೆಂಗಸು ಬಾಯಿ ತೆರೆದಳು, ಕೆಳಗೆ ಬಿತ್ತು:
"ಅಸ್ಪಷ್ಟ ಕೂಗು."
ಆಕೆ ರಿಮೋಟು ಒತ್ತಿ ನಿಲ್ಲಿಸಿದಳು.
ಆ ಎರಡು ಪದದ ಮೇಲೆ ಬೆರಳಿಟ್ಟು
ಅದೇ ಬೆರಳನ್ನು ತನ್ನ ಗಂಟಲಿಗೆ ತಂದಳು.
ಹುಬ್ಬು ಏರಿಸಿ ಕಾದಳು.

ಓಣಿಯ ಹುಡುಗರು ಆಕೆಯ ಕೂಗನ್ನು ಅಣಕಿಸುವುದು ಗೊತ್ತು.
ಒಮ್ಮೆ ನಾನೂ ನಕ್ಕಿದ್ದೆ,
ಶೆಟ್ಲಿಗೆ ಚೌಕಾಶಿ ಮಾಡುತ್ತ, ಆಕೆಯ ಎದುರಿಗೇ.

ಬಿಲ್ ಪುಸ್ತಕದ ಬೆನ್ನಿಗೆ "ಇಲ್ಲ" ಎಂದು ಬರೆದೆ.
ಹೊಡೆದುಹಾಕಿದೆ; ಒಂದು ಪದಕ್ಕೆ ಯಾರು ನಂಬುತ್ತಾರೆ.
ಮತ್ತೆ ಬರೆದೆ:
"ಕಾಜುಬಾಗದ ಓಣಿಯಲ್ಲಿ ನೀವು ಕೂಗಿದರೆ
ಮೂರನೇ ಮನೆಯ ಬೆಕ್ಕು ಮೊದಲು ಬರುತ್ತದೆ,
ತಟ್ಟೆ ಹಿಡಿದವರು ಆಮೇಲೆ."

ಆಕೆ ನಿಧಾನ ಓದಿದಳು, ತುಟಿ ಆಡಿಸುತ್ತ, ಎರಡು ಸಲ.
ನನ್ನ ಕೈಯ ಪೆನ್ನು ಕಿತ್ತುಕೊಂಡು
"ಮೂರನೇ" ಎಂಬುದಕ್ಕೆ ಗೀಟು ಹಾಕಿ
ಮೇಲೆ ಬರೆದಳು: "ಐದನೇ".

ರಿಮೋಟು ಒತ್ತಿದಳು.
ಆ ಹೆಂಗಸು ಬಾಯಿ ಮುಚ್ಚಿ ಮುಂದೆ ನಡೆದಳು.